ಇಸ್ವಾಣದ ನಾಕಾಬಂದಿ

ನಾನು ಮೊದಲು ಸೈನ್ಯದಲ್ಲಿದ್ದೆ, ಆಮೇಲೆ ಪೊಲೀಸ್ ಇಲಾಖೆಯಲ್ಲಿದ್ದೆ, ಈಗ ಹೆಂಡತಿಯ ಸುಪರ್ದಿಯಲ್ಲಿದ್ದೇನೆ. ಸೈನ್ಯದಿಂದ ಹವಾಲ್ದಾರನಾಗಿ ಹೊರಬಂದೆ, ಇಲಾಖೆಯಿಂದ ಎ.ಎಸ್.ಐ. ಆಗಿ ನಿವೃತ್ತನಾದೆ. ಎರಡೂ ಕಡೆ ಸೇರಿ ನನಗೆ ಆದ ಜ್ಞಾನೋದಯ ಒಂದೇ: ಈ ಲೋಕದ ಸಕಲ ಅವಾಂತರಗಳಿಗೂ ಮೂಲ ಕಾರಣ ಜನರಲ್ಲಿ ಶಿಸ್ತಿಲ್ಲದಿರುವುದು. ಅಂಕೋಲೆಯ ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಂದರೆ ಜನ ಹತ್ತುವುದನ್ನು ನೋಡಿ. ಇಳಿಯುವವರು ಇಳಿಯುವ ಮೊದಲೇ ಕಿಟಕಿಯಿಂದ ಒಂದು ಟವೆಲ್ಲು, ಒಂದು ಕೊಡೆ, ಒಂದು ಕೂಸು ಒಳಗೆ ಹೋಗಿರುತ್ತವೆ! ನಮ್ಮ ಓಣಿಯಲ್ಲಿ ಬಟ್ಟೆ ಒಣಗಿಸುವವರು ಲುಂಗಿಯ ಪಕ್ಕದಲ್ಲಿ ಲುಂಗಿ, ಅಂಗಿಯ ಪಕ್ಕದಲ್ಲಿ ಅಂಗಿ ಹಾಕುವುದಿಲ್ಲ. ನಾನು ಬೆಳಗಿನ ವಾಕಿಂಗಿನಲ್ಲಿ ಇದನ್ನೆಲ್ಲ ಆಯಾ ಮನೆಯವರ ಗಮನಕ್ಕೆ ತರುತ್ತಿದ್ದೆ. ಕೆಲವು ದಿನಗಳಲ್ಲಿ ನಾನು ಹೊರಡುವ ಹೊತ್ತಿಗೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ಜನ ಬೇಗ ಸುಧಾರಿಸುತ್ತಾರೆ ಎಂದುಕೊಂಡೆ.

ನನಗೆ ಒಬ್ಬಳೇ ಮಗಳು, ಸವಿತಾ. ಶಾಲೆಯಲ್ಲಿ ಟೀಚರು. ಅವಳಿಗೆ ಬಂದ ಮೊದಲ ಎರಡು ಸಂಬಂಧಗಳು ಮುರಿದುಬಿದ್ದವು. ಅದಕ್ಕೆ ನಾನೇ ಕಾರಣವೆಂದು ಮನೆಯಲ್ಲಿ ಒಂದು ವದಂತಿಯಿತ್ತು. ಹಬ್ಬಿಸಿದವಳು ನನ್ನ ಹೆಂಡತಿ ರುಕ್ಮಾ. ಕುಮಟೆಯಿಂದ ಬಂದ ಮೊದಲ ಹುಡುಗನನ್ನು ಜಗಲಿಯ ನಡುವೆ ನೆಟ್ಟಗೆ ನಿಲ್ಲಿಸಿ, ಪಾದ ಚಪ್ಪಟೆಯಾಗಿದೆಯೇ ಎಂದು ಬಗ್ಗಿ ನೋಡಿದ್ದು ನಿಜ. ಸೈನ್ಯಕ್ಕೆ ಸೇರುವಾಗ ನನ್ನದನ್ನೂ ನೋಡಿದ್ದರು, ನಾನೇನು ಓಡಿಹೋಗಿದ್ದೆನೆ? ಎರಡನೆಯವನಿಗೆ, "ಕಳೆದ ಭಾನುವಾರ ಸಂಜೆ ಎಲ್ಲಿದ್ದಿರಿ? ನಿಮ್ಮನ್ನು ಕಂಡವರು ಯಾರಾದರೂ ಇದ್ದಾರೆಯೆ?" ಎಂದು ಕೇಳಿದೆ. ಎಷ್ಟು ಸಹಜವಾದ ಪ್ರಶ್ನೆ! ಹುಡುಗ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಮಾಯಕನಾಗಿದ್ದರೆ ಚಹಾ ಕುಡಿದು ಮುಗಿಸುತ್ತಿದ್ದ ಎನ್ನುವುದು ನನ್ನ ಅಭಿಪ್ರಾಯ.

ಮೂರನೆಯ ಸಂಬಂಧ ಕಾರವಾರದ ಆಚೆ ದೇವಬಾಗದಿಂದ ಬಂತು. ದೋಣಿ ಇದ್ದ ಮನೆತನ. ಹುಡುಗ ಪ್ರಕಾಶ ಬೈತಖೋಲ ಬಂದರಿನಲ್ಲಿ ಟ್ರಾಲರುಗಳ ಎಂಜಿನ್ ರಿಪೇರಿ ಮಾಡುವವನು. ಯಾವುದೋ ನೆಂಟರ ಮದುವೆಯಲ್ಲಿ ಸವಿತಾ ಅವನನ್ನು ನೋಡಿ ಮಾತಾಡಿಯೂ ಆಗಿತ್ತು, ಮೆಚ್ಚಿಯೂ ಆಗಿತ್ತು. ಆ ಭಾನುವಾರ ಅವರ ಮನೆಯವರು ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ನಾನು ಹುಡುಗನ ಫೋಟೋ ಮಾತ್ರ ನೋಡಿದ್ದೆ.

ಹಿಂದಿನ ಸಂಜೆ ಸವಿತಾ ನನ್ನ ಕುರ್ಚಿಯ ಹತ್ತಿರ ಬಂದು ನಿಂತಳು. "ಅಪ್ಪಾ, ಇದೊಂದನ್ನ ಕೆಡಿಸ್ಬೇಡಿ" ಎಂದಳು. ಕಣ್ಣು ತುಂಬಿತ್ತು. ನನಗೆ ಹೆದರಿಕೆಯಾಯಿತು. ಗಡಿಯಲ್ಲಿ ನಿಂತಾಗಲೂ ಹಾಗಾಗಿರಲಿಲ್ಲ.

ಬೆಳಿಗ್ಗೆ ರುಕ್ಮಾ ಅಧಿಕೃತ ಆದೇಶ ಹೊರಡಿಸಿದಳು. "ಹೋಯ್, ಇಲ್ಲಿ ಕೇಳಿ. ಬೈತಖೋಲಕ್ಕೆ ಹೋಗಿ ಒಳ್ಳೆ ಇಸ್ವಾಣ ಮೀನು ತನ್ನಿ. ಬರುವಾಗ ಪೇಟೆಲಿ ಮುರುಗಲ ಹುಳಿ, ಕೊತ್ತಂಬರಿ, ಎಲೆ ಅಡಿಕೆ. ಅಷ್ಟೇ. ಅವ್ರು ಬಂದ್ಮೇಲೆ ನೀವು ಬಾಯಿ ತೆಗೂದು ಊಟಕ್ಕೆ ಮಾತ್ರ. ತಿಳೀತಾ?"

"ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಮಾತು ಯಾಕೆ?" ಎಂದು ನಾನು ನಗುತ್ತ ನನ್ನ ಬೂದು ಬಣ್ಣದ ಸ್ಕೂಟರಿಗೆ ಒದ್ದೆ. ಅದು ಮೊದಲ ಒದೆತಕ್ಕೇ ಶುರುವಾಯಿತು. ಅಂದು ನಾನು ಹೇಳಿದಂತೆ ನಡೆದದ್ದು ಅದೊಂದೇ.

ಬೈತಖೋಲದ ಬಂದರಿನಲ್ಲಿ ಮೀನಿನ ಲಿಲಾವು ನಡೆದಿತ್ತು. ನಾನೂ ಕಡಲ ಕರೆಯ ಮನೆಯಲ್ಲೇ ಹುಟ್ಟಿದವನು. ಮೀನಿನ ವಿಷಯದಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು. ಇಸ್ವಾಣದ ಕಿವಿರು ಎತ್ತಿ ನೋಡಿದೆ, ಕಣ್ಣು ನೋಡಿದೆ, ಬಾಯಿ ಅಗಲಿಸಿ ಒಳಗೂ ನೋಡಿದೆ. ಬುಟ್ಟಿಯ ಮುಂದೆ ಕೂತ ಮುದುಕಿ ಸ್ವಲ್ಪ ಹೊತ್ತು ಸಹಿಸಿಕೊಂಡಳು.

"ಅದ್ರ ಬಾಯಿ ಬಿಡ್ಸುಕೆ ಹೋಗ್ಬೇಡಿ ಸಾಹೇಬ್ರೆ," ಎಂದಳು ಕೊನೆಗೆ. "ಅದು ಸತ್ತದೆ, ಎಂತಾ ಹೇಳುದಿಲ್ಲ."

ಸುತ್ತಲಿನ ಹೆಂಗಸರು ನಕ್ಕರು. ನಾನು ಗಾಂಭೀರ್ಯ ಬಿಡದೆ ಒಂದು ದೊಡ್ಡ ಇಸ್ವಾಣ ಕೊಂಡು, ವಯರ್ ಚೀಲದಲ್ಲಿಟ್ಟು, ಚೀಲವನ್ನು ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೊರಟೆ. ಬಾಲ ಚೀಲದಿಂದ ಹೊರಗೆ ಇಣುಕುತ್ತಿತ್ತು. ದಾರಿಯುದ್ದಕ್ಕೂ ಜನ ನನ್ನನ್ನು ನೋಡುವ ಬದಲು ಬಾಲವನ್ನು ನೋಡಿದರು. ಬೀಗರಿಗೆ ತಕ್ಕ ಮೀನು ಎಂದು ಹೆಮ್ಮೆಯಾಯಿತು.

ಅಂಕೋಲೆ ತಲುಪಿ ಸ್ಕೂಟರ್ ನಿಲ್ಲಿಸಿದೆ. ಬೀಗ ಹಾಕಿದೆ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಹ್ಯಾಂಡಲ್ ಅಲ್ಲಾಡಿಸಿ ನೋಡಿದೆ. ಹತ್ತು ನಿಮಿಷದ ಕೆಲಸಕ್ಕೆ ಮೀನು ಯಾಕೆ ಹೊರಬೇಕೆಂದು ಚೀಲವನ್ನು ಅಲ್ಲಿಯೇ ಬಿಟ್ಟು ಪೇಟೆಗೆ ನಡೆದೆ. ಮುರುಗಲ ಹುಳಿ ಸಿಕ್ಕಿತು. ಕೊತ್ತಂಬರಿ ಮಾರುವ ಹಾಲಕ್ಕಿ ಹೆಂಗಸಿನ ಮುಂದೆ ಗಿರಾಕಿಗಳು ಗುಂಪಾಗಿ ಮುಗಿಬಿದ್ದಿದ್ದರು. ಅವರನ್ನು ಸಾಲಿನಲ್ಲಿ ನಿಲ್ಲಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸಾಲು ಚೆನ್ನಾಗಿಯೇ ಆಯಿತು. ಸಾಲಿನ ಕೊನೆಯವನು ನಾನಾದೆ! ನನ್ನ ಸರದಿ ಬರುವಷ್ಟರಲ್ಲಿ ಕೊತ್ತಂಬರಿ ಮುಗಿದಿತ್ತು.

ಎಲೆ ಅಡಿಕೆ ಹಿಡಿದು, ನಿವೃತ್ತನಾದ ಮೇಲೆ ಯಾವಾಗಲೂ ಸ್ಕೂಟರ್ ಇಡುವ ಮಿಠಾಯಿ ಅಂಗಡಿಯ ಎದುರಿಗೆ ಬಂದೆ. ಸ್ಕೂಟರ್ ಇರಲಿಲ್ಲ.

ಅಂಗಡಿಯವನನ್ನು ಕೇಳಿದೆ. "ನಾ ನೋಡ್ಲಿಲ್ಲ ಸಾಹೇಬ್ರೆ. ಇಲ್ಲಿ ಇಟ್ಟಿದ್ರಿ ಹೌದಾ?" ಎಂದ. ಸಾಕ್ಷಿದಾರ ತೊದಲುತ್ತಿದ್ದಾನೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಮೈಯೆಲ್ಲ ಬಿಸಿಯಾಯಿತು. ಎಂಥ ಧೈರ್ಯ! ಹಾಡಹಗಲಲ್ಲಿ, ನನ್ನ ಸ್ಕೂಟರು, ಬೀಗರ ಮೀನಿನ ಸಮೇತ!

ನಾನು ನಿವೃತ್ತನಾದ ಠಾಣೆ ಅಲ್ಲಿಂದ ಕೂಗಳತೆಯ ದೂರ. ಮುಂಬಾಗಿಲಿನಿಂದ ನೇರವಾಗಿ ಒಳಗೆ ನುಗ್ಗಿದೆ. ಹೆಡ್ ಕಾನ್‌ಸ್ಟೇಬಲ್ ಗಣಪತಿ ನನ್ನ ಕೈಕೆಳಗೆ ಪಳಗಿದವನು. ನಾನು ನಿವೃತ್ತನಾಗಿದ್ದೇನೆ ಎಂದು ಅವನ ಕಾಲುಗಳಿಗೆ ಇನ್ನೂ ತಿಳಿದಿರಲಿಲ್ಲ. ಸಟ್ಟನೆ ಎದ್ದು ಸೆಲ್ಯೂಟ್ ಹೊಡೆದ. ಸಬ್ ಇನ್‌ಸ್ಪೆಕ್ಟರ್ ಬಂದೋಬಸ್ತಿಗೆ ಹೋಗಿದ್ದರು. ಒಳ್ಳೆಯದೇ ಆಯಿತೆಂದು ಅವರ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತೆ.

"ಬರೆದುಕೋ," ಎಂದೆ. "ಸದರಿ ಪಿರ್ಯಾದಿದಾರನು ಮೇಲ್ಕಂಡ ದಿನ ಬೆಳಿಗ್ಗೆ ತನ್ನ ದ್ವಿಚಕ್ರ ವಾಹನವನ್ನು ಮಿಠಾಯಿ ಅಂಗಡಿಯ ಎದುರು ಸುರಕ್ಷಿತವಾಗಿ ನಿಲ್ಲಿಸಿದ್ದು, ಯಾರೋ ದುಷ್ಕರ್ಮಿಗಳು ಸದರಿ ವಾಹನವನ್ನೂ, ಅದರಲ್ಲಿದ್ದ ಸದರಿ ಇಸ್ವಾಣವನ್ನೂ..."

ಗಣಪತಿ ತಲೆ ಕೆರೆದುಕೊಂಡ. "ಸರ್, ಬೇಜಾರು ಮಾಡ್ಕೊಳ್ಬೇಡಿ. ಬೇರೆ ಎಲ್ಲಾದ್ರೂ ಇಟ್ಟು ಮರ್ತು ಹೋಗೀರೋ ಏನೋ..."

"ಗಣಪತೀ! ಯಾರ ಹತ್ತಿರ ಮಾತಾಡುತ್ತಿದ್ದೀಯ?"

"ತಪ್ಪಾಯ್ತು ಸರ್."

"ನಾಕಾಬಂದಿ ಹಾಕಿಸು."

ಊರು ಬಿಟ್ಟು ಹೋಗುವ ಗಾಡಿಗಳನ್ನು ನಿಲ್ಲಿಸುವಂತೆ ಹೇಳುತ್ತೇನೆ ಎಂದು ಅವನು ವಯರ್‌ಲೆಸ್ ಕೈಗೆತ್ತಿಕೊಂಡ. ಇಲ್ಲಿ ನನ್ನ ಅನುಭವ ಕೆಲಸಕ್ಕೆ ಬಂತು. ಹೊರಹೋಗುವ ಗಾಡಿಗಳನ್ನು ತಪಾಸಣೆ ಮಾಡುತ್ತಾರೆಂದು ಕಳ್ಳನಿಗೂ ಗೊತ್ತು. ಅವನು ಸ್ವಲ್ಪ ದೂರ ಹೋಗಿ, ಗಾಡಿ ತಿರುಗಿಸಿ, ಬೈತಖೋಲದಿಂದ ಮೀನು ತರುವವನಂತೆ ಊರೊಳಗೇ ಬರುತ್ತಾನೆ. ಆದ್ದರಿಂದ ಕಾರವಾರದ ಕಡೆಯಿಂದ ಒಳಬರುವ ಬೂದು ಸ್ಕೂಟರುಗಳನ್ನೇ ಹಿಡಿಯಬೇಕು! ಗಣಪತಿ ಬಾಯಿ ತೆರೆದು ಕೇಳುತ್ತಿದ್ದ. ಬೆರಗಿನಿಂದ ಎಂದುಕೊಂಡೆ.

"ನಂಬರ್ ಪ್ಲೇಟ್ ನಂಬಬೇಡಿ," ಎಂದು ಮುಂದುವರಿಸಿದೆ. "ಕಳ್ಳ ಮೊದಲು ಬದಲಾಯಿಸುವುದೇ ಅದನ್ನು. ಮುಖ್ಯ ಗುರುತು ಮೀನಿನ ವಾಸನೆ. ಮತ್ತೆ ಇನ್ನೊಂದು. ಸಿಕ್ಕಿಬಿದ್ದವರು ಊರಿನ ದೊಡ್ಡವರ ಹೆಸರು ಹೇಳಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ನನ್ನ ಹೆಸರು ಹೇಳಿದರೂ ಬಿಡಬೇಡಿ!"

"ಮೀನ್ ವಾಸ್ನೆ ಅಂದ್ರೆ ಸರ್, ಆಗಿಂದ ಇಲ್ಲೂ ಎಂತದೋ ಬರ್ತಾ ಅದೆ."

"ಅದು ನನ್ನ ಕೈಯದು. ನೀನು ವಯರ್‌ಲೆಸ್ ನೋಡು."

ಕಾರವಾರದ ಕಡೆಯಿಂದ ಬರುವ ಸ್ಕೂಟರನ್ನು ಮೀನಿನ ವಾಸನೆಯಿಂದ ಗುರುತು ಹಿಡಿಯಿರಿ ಎಂದು ಆದೇಶ ಕೊಟ್ಟ ಮೊದಲ ಅಧಿಕಾರಿ ನಾನೇ ಇರಬೇಕು. ನಮ್ಮ ಕರಾವಳಿಯಲ್ಲಿ ಮೀನು ವಾಸನೆ ಇಲ್ಲದ ಸ್ಕೂಟರು ಸಿಕ್ಕರೆ ಅನುಮಾನ ಪಡಬೇಕು. ಆದರೆ ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಅಷ್ಟರಲ್ಲಿ ನನ್ನ ಮೊಬೈಲ್ ಬಡಿದುಕೊಂಡಿತು. ರುಕ್ಮಾ.

"ಎಲ್ಲಿದ್ರಿ ನೀವು?"

"ಠಾಣೆಯಲ್ಲಿ."

"ರಿಟೈರ್ ಆದದ್ದು ಮರ್ತು ಹೋಯ್ತಾ? ಹುಡುಗನ ಆಯಿ, ಅತ್ತೆ ಬಸ್ಸಿಗೆ ಬಂದು ಕೂತಾಯ್ತು. ಗಂಡಸ್ರು ಸ್ಕೂಟರ್ ಮೇಲೆ ಹೊರಟಿದ್ರಂತೆ, ಅವ್ರ ಪತ್ತೆ ಇಲ್ಲ. ಮೀನಿನ ಪತ್ತೆ ಇಲ್ಲ. ನಿಮ್ಮ ಪತ್ತೆ ಇಲ್ಲ. ಮಸಾಲೆ ರುಬ್ಬಿ ಇಟ್ಕೊಂಡು ನಾ ಯಾರನ್ನ ಬೇಯಿಸುದು?"

"ಒಂದು ಮಹತ್ವದ ತನಿಖೆ ನಡೆದಿದೆ" ಎಂದು ಫೋನ್ ಇಟ್ಟೆ. ಗಂಡಸರು ಸ್ಕೂಟರಿನಲ್ಲಿ ಹೊರಟಿದ್ದಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ಕಂಡವರಿಗೆಲ್ಲ ಎಚ್ಚರ ಕಲಿಸಿದ ತಲೆ!

ಸ್ವಲ್ಪ ಹೊತ್ತಿಗೆ ಹೊರಗೆ ಗದ್ದಲವಾಯಿತು. ಹೊಸದಾಗಿ ಸೇರಿದ ಪೇದೆಯೊಬ್ಬ ಬೆವರು ಸುರಿಸುತ್ತ ಓಡಿಬಂದ. "ಸಿಕ್ಕಿದ್ರು ಸರ್! ಇಬ್ಬರು! ಬೂದು ಸ್ಕೂಟರು, ಕಾಗದಪತ್ರ ಇಲ್ಲ. ಮಾಲು ಸಮೇತ ಸಿಕ್ಕಿದ್ರು, ಚೀಲದಲ್ಲಿ ಮೀನದೆ! ನೀವು ಹೇಳಿದ ಹಾಗೇ ಸರ್, ನಿಮ್ಮ ಹೆಸರೇ ಹೇಳಿದ್ರು!"

ಆಹಾ! ಆ ಕ್ಷಣದ ಸಂತೋಷ ಹೇಗೆ ಹೇಳಲಿ? ನಿವೃತ್ತಿಯ ನಂತರ ಅಷ್ಟು ಎತ್ತರಕ್ಕೆ ನಾನು ಏರಿರಲಿಲ್ಲ. ಗಣಪತಿಯ ಕಡೆ ನೋಡಿ ಹುಬ್ಬು ಹಾರಿಸಿದೆ. ವಿಚಾರಣೆಯನ್ನು ಕಲಿಯಬೇಕಾದರೆ ನೋಡು ಎಂದೆ.

ಸೇವೆಯಲ್ಲಿದ್ದಾಗ ನನ್ನದೊಂದು ಪ್ರಸಿದ್ಧ ವಿಧಾನವಿತ್ತು. ಆರೋಪಿಯನ್ನು ಒಳಗೆ ತರುವಾಗ ನಾನು ಅವನಿಗೆ ಬೆನ್ನು ಮಾಡಿ, ಕಿಟಕಿಯ ಹತ್ತಿರ, ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದೆ. ಮುಖ ಕಾಣದಿದ್ದರೆ ಮನುಷ್ಯನಿಗೆ ಹೆದರಿಕೆ ಹೆಚ್ಚು. ಅಂದೂ ಹಾಗೆಯೇ ನಿಂತೆ. ಕಿಟಕಿಯ ಬಾಗಿಲು ಮುಚ್ಚಿತ್ತು. ಹಿಂದೆ ಎರಡು ಜೊತೆ ಚಪ್ಪಲಿಗಳ ಸದ್ದು ಬಂದು ನಿಂತಿತು.

"ಊರು?" ಎಂದೆ, ಗೋಡೆಗೆ ಹೇಳುವಂತೆ.

"ದೇವಬಾಗ" ಎಂದಿತು ಒಂದು ಹಿರಿಯ ಧ್ವನಿ.

ದೂರದ ಊರಿನಿಂದ ಬಂದು ಕೈಚಳಕ ತೋರಿಸುವ ಕಳ್ಳರು! "ನಿಮ್ಮ ಜೊತೆ ಇನ್ನು ಯಾರಿದ್ದಾರೆ?"

"ಹೆಂಗಸ್ರು ಇಬ್ರು. ಬಸ್ಸಿಗೆ ಮುಂದೆ ಹೋದ್ರು."

"ಓಹೋ! ತಂಡ ಎರಡಾಗಿ ಬಂದಿದೆ. ಬರೆದುಕೋ ಗಣಪತಿ. ಎಲ್ಲಿಗೆ ಹೋದರು ಆ ಹೆಂಗಸರು?"

"ಹುಡುಗಿ ಮನೆಗೆ ಸಾಹೇಬ್ರೆ. ನನ್ನ ಮಗನಿಗೆ ಹುಡುಗಿ ನೋಡುದದೆ ಇವತ್ತು."

ಕಳ್ಳರು ಹೇಳುವ ಕತೆಗಳು ನನಗೆ ಹೊಸತಲ್ಲ. "ಮೀನು ಎಲ್ಲಿಂದ ಬಂತು?" ಎಂದು ಗುಡುಗಿದೆ. ಕೋಣೆಯಲ್ಲಿ ಸೆಕೆಯಾಗುತ್ತಿತ್ತು, ಕಿಟಕಿಯ ಚಿಲಕ ತೆಗೆದೆ.

"ನಮ್ಮ ದೋಣಿದೇ ಬಾಬಾ! ಬರಿಗೈಲಿ ಹೋಗುದು ಬೇಡ, ಹುಡುಗಿ ಮನೆಗೆ ಕೊಡುವಾ ಹೇಳಿ ನಾಕು ಪಾಪ್ಲೆಟ್ ತಂದೆ. ಆ ಹುಡುಗಿ ಅಪ್ಪನೂ ಪೊಲೀಸ್‌ಲೇ ಇದ್ದವ್ರು. ಅವ್ರ ಹೆಸ್ರು ಹೇಳಿದ್ರೆ ಈ ಪೇದೆ ನಕ್ಕ!"

ಪಾಪ್ಲೆಟ್. ನನ್ನದು ಇಸ್ವಾಣ. ಮೊದಲು ಅಲ್ಲಿ ಒಂದು ಸಣ್ಣ ತೊಡಕು ಕಂಡಿತು. ಆಮೇಲೆ ದೇವಬಾಗ, ದೋಣಿ, ಬಸ್ಸಿನಲ್ಲಿ ಹೋದ ಇಬ್ಬರು ಹೆಂಗಸರು, ಪೊಲೀಸಿನಲ್ಲಿದ್ದ ಅಪ್ಪ, ಎಲ್ಲ ಒಂದರ ಹಿಂದೆ ಒಂದು ಸಾಲಾಗಿ ನನ್ನ ತಲೆಯೊಳಗೆ ಬಂದು ನಿಂತವು. ಅಂದು ನಾನು ಕಂಡ ಅತ್ಯಂತ ಶಿಸ್ತಿನ ಸಾಲು ಅದು!

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕಿಟಕಿಯನ್ನು ಪೂರ್ತಿ ತೆರೆದು ಹೊರಗೆ ನೋಡಿದೆ.

ಹೊರಗೆ ಠಾಣೆಯ ಹಿತ್ತಲು. ಅಲ್ಲಿ ಬಾದಾಮಿ ಮರದ ಕೆಳಗೆ, ಜಪ್ತಿ ಮಾಡಿ ತಂದು ಹಾಕಿದ ತುಕ್ಕು ಹಿಡಿದ ಗಾಡಿಗಳ ನಡುವೆ, ನನ್ನ ಸ್ಕೂಟರು ನಿಂತಿತ್ತು. ಬೀಗ ಹಾಕಿತ್ತು. ಸೀಟಿನ ಮೇಲೆ ಎರಡು ಕಾಗೆಗಳಿದ್ದವು. ಕಾಲಿಡುವ ಜಾಗದಲ್ಲಿ ಠಾಣೆಯ ಬೆಕ್ಕು ತನ್ನ ಸಂಸಾರದೊಡನೆ ಇಸ್ವಾಣದ ಪಂಚನಾಮೆ ಮುಗಿಸುತ್ತಿತ್ತು.

ಆಗಿದ್ದಿಷ್ಟೇ. ಸೇವೆಯಲ್ಲಿದ್ದಾಗ ಪೇಟೆಗೆ ಹೋಗುವ ಮೊದಲು ಹಿಂದಿನ ಗೇಟಿನಿಂದ ನುಗ್ಗಿ ಬಾದಾಮಿ ಮರದ ಕೆಳಗೆ ಸ್ಕೂಟರ್ ಇಡುವುದು ನನ್ನ ಪದ್ಧತಿ. ಕಳ್ಳರ ಕಾಟವಿಲ್ಲದ ಜಾಗ ನೋಡಿ! ಬೆಳಿಗ್ಗೆ ತಲೆ ಬೀಗರ ಯೋಚನೆಯಲ್ಲಿತ್ತು, ಕೈಗಳು ಹಳೆಯ ಡ್ಯೂಟಿ ಮಾಡಿ ಮುಗಿಸಿದ್ದವು. ನನ್ನ ಸ್ಕೂಟರನ್ನು ನಾನೇ ಠಾಣೆಗೆ ತಂದು ಒಪ್ಪಿಸಿ, ಅದೇ ಠಾಣೆಗೆ ಬಂದು ಕಳೆದುಹೋಗಿದೆ ಎಂದು ದೂರು ಕೊಟ್ಟು, ಹುಡುಕಿಸುವುದಕ್ಕೆ ನಾಕಾಬಂದಿ ಹಾಕಿಸಿ, ನನ್ನ ಬೀಗರನ್ನೇ ಹಿಡಿಸಿಹಾಕಿದ್ದೆ.

ನನ್ನ ಹಿಂದೆಯೇ ಬಂದು ನಿಂತ ಗಣಪತಿಯೂ ಹೊರಗೆ ಇಣುಕಿದ. ಅವನು ಒಳ್ಳೆಯ ಮನುಷ್ಯ. "ಕಳ್ಳ ಹೆದರಿ ತಂದು ಇಟ್ಟು ಹೋಗಿರ್ಬೇಕು ಸರ್" ಎಂದು ಪಿಸುಗುಟ್ಟಿದ.

ನಾನು ನಿಧಾನಕ್ಕೆ ತಿರುಗಿದೆ. ಫೋಟೋದಲ್ಲಿದ್ದ ಹುಡುಗ ಎದುರಿಗಿದ್ದ. ಇಸ್ತ್ರಿ ಮಾಡಿದ ಹೊಸ ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಪಕ್ಕದಲ್ಲಿ ಅವನ ಅಪ್ಪ ಪಾಂಡುರಂಗ, ಬಿಳಿ ಅಂಗಿ, ಬಿಳಿ ಮೀಸೆ, ಕೈಯಲ್ಲಿ ಪಾಪ್ಲೆಟ್ ಚೀಲ. ನಾನು ಕೈ ಜೋಡಿಸಿ, "ನಾನೇ ಹುಡುಗಿಯ ಅಪ್ಪ" ಎಂದೆ.

ಹುಡುಗ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಬಾಗಿಲನ್ನು ನೋಡಿದ. ಪಾಂಡುರಂಗರು ಕಿಟಕಿಯವರೆಗೆ ನಡೆದು ಹೋಗಿ ಹೊರಗೆ ಇಣುಕಿ, ಸ್ಕೂಟರನ್ನೂ ಬೆಕ್ಕುಗಳನ್ನೂ ಬಹಳ ಹೊತ್ತು ನೋಡಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ನಡೀರಿ. ಹೆಂಗಸ್ರು ಕಾಯ್ತಿರ್ಬಹುದು" ಎಂದರು. ಅಷ್ಟೇ.

ಅವರ ಸ್ಕೂಟರು ಮುಂದೆ, ನನ್ನದು ಹಿಂದೆ. ಕಾಲ ಬುಡದಲ್ಲಿ ಇಸ್ವಾಣದ ತಲೆ ಮಾತ್ರ ಉಳಿದಿತ್ತು. ಮನೆಯವರೆಗೂ ನನಗೆ ಸವಿತಾಳ ಮುಖವೇ ಕಣ್ಣೆದುರು. ಮುಗಿಯಿತು, ನಾನೇ ಮುಗಿಸಿದೆ ಎಂದು ಅಳು ಬಂದಂತಾಯಿತು. ಹೆಲ್ಮೆಟ್ ಇದ್ದದ್ದರಿಂದ ಊರಿಗೆ ಕಾಣಲಿಲ್ಲ.

ಮನೆಯಲ್ಲಿ ರುಕ್ಮಾ ನನ್ನ ಕೈಯ ಚೀಲದೊಳಗೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಪಾಂಡುರಂಗರ ಕೈಯಿಂದ ಪಾಪ್ಲೆಟ್ ಇಸಿದುಕೊಂಡು ಒಳಗೆ ಹೋದಳು. ಹೀಗೆ ಊಟಕ್ಕೆ ಕರೆದ ಬೀಗರಿಗೆ ಅವರದೇ ಮೀನನ್ನು ಕರಿದು ಬಡಿಸಲಾಯಿತು. ನಾನು ಆದೇಶದಂತೆ ಊಟಕ್ಕೆ ಮಾತ್ರ ಬಾಯಿ ತೆರೆದೆ. ಬಡಿಸುತ್ತಿದ್ದ ಸವಿತಾ ಎಲ್ಲರ ಮುಖ ಓದಲು ನೋಡುತ್ತಿದ್ದಳು.

ಊಟವಾದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕುವಾಗ ಹುಡುಗನ ತಾಯಿ ಗಂಡನನ್ನು ಕೇಳಿದಳು. "ಅಷ್ಟು ತಡ ಎಂತಕ್ಕಾಯ್ತು ನಿಮ್ಗೆ?"

ಪಾಂಡುರಂಗರು ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟು, ಹೇಳಲು ಶುರುಮಾಡಿದರು. ಪೇದೆ ಚೀಲಕ್ಕೆ ಮೂಗಿಟ್ಟು ಮೂಸಿದ್ದನ್ನು ಮೂಸಿ ತೋರಿಸಿದರು. ಎದ್ದು ನಿಂತು, ಎಲ್ಲರಿಗೂ ಬೆನ್ನು ಮಾಡಿ, ಕೈ ಹಿಂದೆ ಕಟ್ಟಿ, "ತಂಡ ಎರಡಾಗಿ ಬಂದಿದೆ!" ಎಂದು ಗೋಡೆಗೆ ಗುಡುಗಿದರು. ನನ್ನದಕ್ಕಿಂತ ಚೆನ್ನಾಗಿತ್ತು. ಮೊದಲು ನಕ್ಕವಳು ರುಕ್ಮಾ. ಆಮೇಲೆ ಅತ್ತೆ ನಕ್ಕಳು, ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹುಡುಗ ಬಗ್ಗಿ ಹೊಟ್ಟೆ ಹಿಡಿದುಕೊಂಡ. ಸವಿತಾ ಒಳಬಾಗಿಲ ಹತ್ತಿರ ನಿಂತು ನನ್ನ ಎದುರಿಗೇ ಬಾಯಿ ತುಂಬ ನಗುತ್ತಿದ್ದಳು. ನನ್ನ ಎದುರು ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಅವಮಾನವೂ ಆಯಿತು, ಸಂತೋಷವೂ ಆಯಿತು. ಯಾವುದು ಹೆಚ್ಚೆಂದು ಈಗಲೂ ಹೇಳಲಾರೆ.

ನಗು ಇಳಿದ ಮೇಲೆ ತಾಯಿ ನನ್ನ ಕಡೆ ತಿರುಗಿದಳು. "ನಿಜ ಹೇಳುದಾದ್ರೆ ಅಣ್ಣಾ, ನಮ್ಗೆ ಹುಡುಗಿ ಮೊದ್ಲೇ ಒಪ್ಪಿಗೆ. ಆದ್ರೆ ಈ ಸಂಬಂಧ ಬೇಡ ಹೇಳಿ ಹೋಗುದಕ್ಕೇ ಇವತ್ತು ಬಂದದ್ದು."

"ಯಾಕೆ?" ಎಂದು ಆದೇಶ ಮೀರಿ ಕೇಳಿದೆ.

"ನಿಮ್ಮ ಹೆದರಿಕೆಗೆ. ಕುಮಟೆ ಹುಡುಗನ ಕಾಲು ನೋಡಿದ್ದು ದೇವಬಾಗದವರೆಗೂ ಬಂದದೆ. ಇಂಥಾ ಹುಲಿಯಂಥವ್ರ ಹತ್ರ ಬೀಗಸ್ತನ ಹೆಂಗೆ ಮಾಡುದು ಹೇಳಿ ಇವ್ರಿಗೆ ಮೂರು ದಿನದಿಂದ ನಿದ್ದೆ ಇಲ್ಲ."

ಪಾಂಡುರಂಗರು ನನ್ನ ಭುಜದ ಮೇಲೆ ಕೈ ಹಾಕಿದರು. ಸೈನ್ಯದಲ್ಲಾಗಲಿ ಇಲಾಖೆಯಲ್ಲಾಗಲಿ ನನ್ನ ಭುಜದ ಮೇಲೆ ಯಾರೂ ಹಾಗೆ ಕೈ ಹಾಕಿರಲಿಲ್ಲ. "ಈಗ ಎಂತಾ ಹೆದರಿಕೆ ಇಲ್ಲ ಭಾವಾ," ಎಂದರು. "ಸ್ವಲ್ಪನೂ ಇಲ್ಲ. ತಾರೀಕು ನೋಡಿ."

ಮದುವೆಯಾಯಿತು, ಮಗಳು ಸುಖವಾಗಿದ್ದಾಳೆ. ವರದಕ್ಷಿಣೆಯೆಂದು ಒಂದು ಚಮಚವನ್ನೂ ಕೊಡುವುದಿಲ್ಲ ಎಂದು ನಾನು ಮೊದಲಿನಿಂದಲೂ ಸಾರುತ್ತ ಬಂದವನು, ಕೊಡಲೂ ಇಲ್ಲ. ಅವರು ನನ್ನಿಂದ ಒಯ್ದದ್ದು ಒಂದೇ: ಎರಡು ಇಲಾಖೆಗಳಲ್ಲಿ ದುಡಿದು ನಾನು ಸಂಪಾದಿಸಿದ್ದ ಹೆದರಿಕೆ. ಅದನ್ನು ಪೂರ್ತಿಯಾಗಿ ಒಯ್ದರು. ಸ್ಕೂಟರಿನ ಕತೆ ಊರಿಗೆಲ್ಲ ತಿಳಿದು, ಈಗ ನಮ್ಮ ಓಣಿಯ ಬಾಗಿಲುಗಳು ಬೆಳಿಗ್ಗೆಯೇ ತೆರೆದಿರುತ್ತವೆ. ನಾನು ವಾಕಿಂಗ್ ಹೊರಟರೆ ಜನ ನನ್ನನ್ನು ಕರೆದು ಚಹಾ ಕೊಡುತ್ತಾರೆ, ಕುಡಿದಾದ ಮೇಲೆ ಮನೆಯ ದಾರಿಯನ್ನೂ ತೋರಿಸುತ್ತಾರೆ.